ಒಂದೂವರೆ ಡಿಗ್ರಿ

ಟಾರಿ ದಿಬ್ಬದ ಮೇಲೆ, ಹಳೇ ಫಿರಂಗಿ ಕೋಟೆಯ ಗೋಡೆಗೆ
ಬೆನ್ನು ಕೊಟ್ಟು ನಿಂತಿದ್ದೇವೆ ಐದು ಜನ,
ಆರನೆಯದು ಗಾಳಿ.
ಕೆಳಗೆ ಅಬರ್ಡೀನ್ ಬಂದರಿನ ಬಾಯಿ.
ಎಣ್ಣೆಬಾವಿಗೆ ಹೊರಟ ಹಡಗಿನ ಮೂತಿಯ ಮುಂದೆ
ಡಾಲ್ಫಿನ್ನುಗಳು ಆಡುತ್ತವೆ.
ಆಡುತ್ತವೆ. ಇವತ್ತಲ್ಲ.

ಕಾಯುವಾಗ ಬಾಯಿ ಸುಮ್ಮನಿರುವುದಿಲ್ಲ.
'ಕ್ಯಾಮೆರಾಕ್ಕೆ ದುಡ್ಡು ಸುರೀಬೇಡಿ, ಗಾಜಿಗೆ ಸುರೀರಿ,'
ಎನ್ನುತ್ತಾನೆ ಲೀಪರ್,
ಮೀನುದೋಣಿಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವನು.
'ಡಬ್ಬಿ ಹಳತಾಗುತ್ತೆ. ಗಾಜು ಬಾಣಲೆ ಹಾಗೆ, ಪಳಗುತ್ತೆ.'

ವಿಟೋಲ್ಡ್ ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದಾನೆ,
ಬೆರಳಲ್ಲಿನ್ನೂ ಹ್ಯಾಡಕ್ ಮೀನಿನ ವಾಸನೆ,
ಲೆನ್ಸ್ ಒರೆಸುವ ಬಟ್ಟೆಗೆ ಮಾತ್ರ ಬೇರೆಯೇ ಜೇಬು.
ಆರುನೂರು ಮಿಲಿಮೀಟರ್. ಹದಿನಾಲ್ಕು ಕಂತು ಬಾಕಿ.
'ಸೆಕೆಂಡನ್ನ ಸಾವಿರದಾರುನೂರು ಹೋಳು ಮಾಡು,
ಅದರಲ್ಲಿ ಒಂದೇ ಒಂದು ತಗೋ.
ಅದಕ್ಕಿಂತ ನಿಧಾನವಾದರೆ ಡಾಲ್ಫಿನ್ ಅಲ್ಲ, ಸಾರು.'

ನನ್ನದು ಹರಾಜಿನ ಲೆನ್ಸು.
ಬಸ್ ಓಡಿಸುವವನಿಗೆ ಅಷ್ಟೇ ಸಾಕು ಅಂದುಕೊಂಡಿದ್ದೆ.
ಒಬ್ಬೊಬ್ಬರೂ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು,
ಜಾತ್ರೆಯ ಎತ್ತಿನ ಹಲ್ಲು ಎಣಿಸುವವರಂತೆ ನೋಡಿ
'ಬೂಷ್ಟು' ಎಂದರು.
'ಬಿಸಿಲಿಗೆ ಇಡು, ಹೋಗುತ್ತೆ,' ಎಂದ ವಿಟೋಲ್ಡ್.
ಬಿಸಿಲು!
ಗಾಳಿಯೂ ಸೇರಿ ಆರೂ ಜನ ನಕ್ಕೆವು.

ಆಗ ಕರ್ಸ್ಟಿ ಕೇಳಿದಳು, ಹತ್ತೊಂಬತ್ತರ ಹುಡುಗಿ:
'ಮಾರೋದು ಹೇಗೆ?'

ಎಲ್ಲರೂ ಲೆನ್ಸಿನ ಮುಚ್ಚಳ ತೆಗೆದು
ಮತ್ತೆ ಹಾಕಿದರು.

ಲೀಪರ್ ಐವತ್ತು ಕ್ಯಾಲೆಂಡರ್ ಅಚ್ಚು ಹಾಕಿಸಿದ್ದನಂತೆ.
ನಲವತ್ತೊಂದು ಇನ್ನೂ ಮಂಚದ ಕೆಳಗಿವೆ.
ದಿನ ವಾರ ಮತ್ತೆ ಕೂಡಿಬರಲು ಹನ್ನೊಂದು ವರ್ಷ,
ಕಾಯುತ್ತಿದ್ದಾನೆ.
ವಿಟೋಲ್ಡನ ಚಿತ್ರಕ್ಕೆ ಬಂದದ್ದು ಹದಿನೆಂಟು ಪೆನ್ಸ್.
ಕೊಂಡವರು ಯಾರೋ ಗೊತ್ತಿಲ್ಲ.
'ಯಾವ ಟ್ಯೂನಾ ಡಬ್ಬಿಯ ಮೇಲೆ ನಗ್ತಾ ಇದೆಯೋ
ನನ್ನ ಡಾಲ್ಫಿನ್ನು.'

'ನಾನು ಒಂದು ಮಾರಿದ್ದೀನಿ,' ಎಂದಳು ಎಫಿ ಬುಕನ್
ಮಡಚುಕುರ್ಚಿಯಿಂದ,
ಥರ್ಮಾಸಿನ ಮುಚ್ಚಳದಲ್ಲಿ ಚಹಾ ಆರಿಸುತ್ತ.
'ಮೂವತ್ತೊಂದು ವರ್ಷದಲ್ಲಿ ಒಂದು. ಹಲ್ಲಿನ ಡಾಕ್ಟರಿಗೆ.
ಅರವತ್ತು ಪೌಂಡು, ಮೇಲೊಂದು ಹುಳುಕು ಪುಕ್ಕಟೆ ತುಂಬಿಕೊಟ್ಟ.
ಕುರ್ಚಿಯ ನೇರಕ್ಕೆ, ಚಾವಣಿಗೆ ಅಂಟಿಸಿದ್ದಾನೆ.

'ಎರಡು ವರ್ಷ ಬಿಟ್ಟು ದವಡೆ ಹಲ್ಲಿಗೆ ಹೋದೆ.
ಮಲಗಿದೆ. ಬಾಯ್ತುಂಬ ಹತ್ತಿ.
ಮೇಲೆ ನನ್ನದೇ ಸಮುದ್ರ.
ಅಂಗಾತ ಮಲಗಿ ನೋಡಿದಾಗ ಕಂಡಿತು ನೋಡಿ,
ಕ್ಷಿತಿಜ ವಾರೆ!
ಒಂದೂವರೆ ಡಿಗ್ರಿ.
ನೀರೆಲ್ಲ ಎಡಕ್ಕೆ ಸೋರಿಹೋಗ್ತಾ ಇದೆ,
ಡಾಲ್ಫಿನ್ನು ಏರುದಾರಿ ಹತ್ತೋ ಕತ್ತೆ ಹಾಗೆ.
ಹೇಳೋಣ ಅಂದರೆ ಬಾಯಿ ನನ್ನದಲ್ಲ.
ಆಂ ಆಂ ಅಂದೆ, ಬೆರಳು ಮಾಡಿದೆ.
ನೋವು ಅಂದುಕೊಂಡು
ಇನ್ನೊಂದು ಸೂಜಿ ಚುಚ್ಚಿದ.'

ಚಹಾ ಕುಡಿದಳು. ನಾವು ಕಾದೆವು,
ಈ ಬಾರಿ ಸಮುದ್ರಕ್ಕಲ್ಲ.

'ಅರ್ಧ ಮುಖ ಜೋಮು ಹಿಡಿದಿತ್ತು, ಆದರೂ ಹೇಳಿದೆ,
ಇಳಿಸಿ ಕೊಡಿ, ನೆಟ್ಟಗೆ ಮಾಡಿ ತರ್ತೀನಿ, ದುಡ್ಡು ಬೇಡ.
ಅವನು ಕೈಗವಸು ಬಿಚ್ಚುತ್ತ ಅಂದ:
ದಯವಿಟ್ಟು ಮುಟ್ಟಬೇಡಿ.
ಮಲಗಿದವರೆಲ್ಲ ಇದು ವಾರೆಯೋ, ತಾವು ವಾರೆಯೋ ಅಂತ
ಯೋಚಿಸ್ತಾ ಇರ್ತಾರೆ.
ಅಷ್ಟರಲ್ಲಿ ನಾನು ಹಲ್ಲು ಕಿತ್ತಿರ್ತೀನಿ.'

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ.
ಗಾದೆ ಬಾಯಿಗೆ ಬಂತು, ನುಂಗಿಕೊಂಡೆ.

ಕರ್ಸ್ಟಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.
ಏನು ಬರೆದಳೋ.
'ಯಾವ ಲೆನ್ಸಲ್ಲಿ ತೆಗೆದಿರಿ?'
'ಅದಾ? ಲೀಪರನದು. ಎರವಲು.'
'ನನ್ನದಾ!' ಎಂದ ಲೀಪರ್. 'ನನ್ನ ಪಾಲೆಲ್ಲಿ?'

ಹಡಗು ಕೂಗಿತು.
ಎಲ್ಲರೂ ಕ್ಯಾಮೆರಾ ಎತ್ತಿದರು,
ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು,
ಕಡಲ ಗೆರೆಯನ್ನು ನೆಟ್ಟಗೆ ಮಾಡಿಕೊಳ್ಳುತ್ತ.

ನಾನು ನಾಲಿಗೆಯಿಂದ ದವಡೆ ತಡವಿ ನೋಡಿದೆ.
ನೋವೇನೂ ಇರಲಿಲ್ಲ.
ಆದರೂ ಮೆಲ್ಲಗೆ ಬಗ್ಗಿ ಕೇಳಿದೆ,
'ಆ ಡಾಕ್ಟರು ಯಾವ ಬೀದಿ?'
ಎಫಿ ತಿರುಗಲಿಲ್ಲ.
'ದಿನಾ ಅದರ ಮುಂದೇ ಬಸ್ ನಿಲ್ಲಿಸ್ತೀಯಲ್ಲೋ.'