ಐಬು

ಹಾಸನದ ಪಶು ಆಸ್ಪತ್ರೆಯಿಂದ ಪ್ರತಿ ಬುಧವಾರ
ನಮ್ಮ ಲ್ಯಾಬಿಗೆ ಒಂದು ಕ್ಯಾನು ದ್ರವ ಸಾರಜನಕ ಬರುತ್ತದೆ,
ಹೋರಿಗಳ ವೀರ್ಯದ ಕಡ್ಡಿ ಕಾಯ್ದು ಮಿಕ್ಕಿದ್ದು.
ಮುಚ್ಚಳ ತೆಗೆದರೆ ಹೊಗೆ ನೆಲಕ್ಕಿಳಿದು
ನನ್ನ ಚಪ್ಪಲಿಯ ಉಂಗುಟ ಮೂಸುತ್ತದೆ.

ಅದರಲ್ಲಿ ಅದ್ದಿದ್ದೇನೆ ಒಂದು ಕಪ್ಪು ಚೂರು.
ಚೌಕ. ಕೂದಲ ದಪ್ಪದ ಹತ್ತನೇ ಪಾಲು.
ಇಷ್ಟು ಚಳಿಗೆ ಅದು ತಡೆಯೆಂಬುದನ್ನೇ ಮರೆಯುತ್ತದೆ,
ಕರೆಂಟು ಹರಿಯುತ್ತದೆ ಸುಂಕ ಕೊಡದೆ.
ಅಯಸ್ಕಾಂತ ಹತ್ತಿರ ತಂದರೆ ಮಾತ್ರ
ಒಳಗೆ ಸುಳಿ ಏಳುತ್ತವೆ,
ಗೊರೂರಿನ ತೂಬಿನ ಮುಂದೆ ಏಳುವ ಹಾಗೆ,
ಆದರೆ ಎಲ್ಲಕ್ಕೂ ಒಂದೇ ತೂಕ,
ಒಂದಕ್ಕೊಂದು ಆಗಿಬರುವುದಿಲ್ಲ.

ಸುಳಿ ಅಂದರೆ ನನಗೆ ತಾತ.
ಜವರಪ್ಪ, ಎತ್ತಿನ ದಲ್ಲಾಳಿ,
ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕಟ್ಟುವವನು.
ಕಣ್ಣು ಮುಚ್ಚಿ ಕರುವಿನ ಬೆನ್ನು ಸವರಿ
‘ಇಲ್ಲೊಂದು ಸುಳಿ ಐತೆ, ಬ್ಯಾಡ’ ಅನ್ನುತ್ತಿದ್ದ.
ಯಾಕೆ ತಾತ?
‘ಐಬು ಕಣವ್ವ.’
ಅಷ್ಟೇ. ಐಬಿಗೆ ಕಾರಣ ಕೇಳುವ ರೂಢಿ ಇರಲಿಲ್ಲ.

ಇಲ್ಲಿ ಹಾಗಲ್ಲ. ಸುಳಿ ಬೇರೆ, ಐಬು ಬೇರೆ.
ಪದರ ಬೆಳೆಸುವಾಗ ನಫೀಸಾ ಕೆಮ್ಮಿದಳೋ,
ಧೂಳೊಂದು ಕೂತಿತೋ, ಒಂದು ಚೂರಿನಲ್ಲಿ
ನಡುವಿನಿಂದ ತುಸು ಆಚೆಗೆ ತೂತು.
‘ಕೆಟ್ಟದ್ದು’ ಎಂದು ಚೀಟಿ ಬರೆದು ಡಬ್ಬಿಯಲ್ಲಿಟ್ಟಿದ್ದೆ.

ಚೊಕ್ಕಟ ಚೂರಿನಲ್ಲಿ ಕರೆಂಟು ಏರಿಸಿದರೆ
ಸುಳಿಗಳು ಕದಲುತ್ತವೆ, ಅಡ್ಡಡ್ಡ ಜಾರುತ್ತವೆ,
ಜಾರಿದ ದಾರಿಯೆಲ್ಲ ಬಿಸಿ.
ಮೀಟರು ಚಾಡಿ ಹೇಳುತ್ತದೆ.
ಕೆಟ್ಟ ಚೂರಿನಲ್ಲೋ
ಒಂದು ಸುಳಿ ತೂತಿನ ಮೇಲೆ ಹೋಗಿ ಕೂತಿತು,
ಗೂಟಕ್ಕೆ ಕಟ್ಟಿದಂತೆ.
ಉಳಿದ ಮೂರೂ ಅದಕ್ಕೆ ತಕ್ಕಂತೆ ಸರಿದು ನಿಂತವು.
ಚೌಕದ ಲೆಕ್ಕ ಕೆಟ್ಟಿತು,
ಕರೆಂಟು ಕೆಡಲಿಲ್ಲ.

ಕಂಡದ್ದಲ್ಲ ಇದು. ಅಂಕಿಗಳಿಂದ ಊಹಿಸಿದ್ದು.
ನಾನೂ ಕಣ್ಣು ಮುಚ್ಚಿ ಸವರುವವಳೇ.

ಹಾಗಾದರೆ ಇನ್ನಷ್ಟು ಕೊರೆಯೋಣ ಎಂದಳು ನಫೀಸಾ.
ಕೊರೆಸಿದೆವು. ತೀರಾ ಅಂಚಿಗೆ ಬಿದ್ದ ತೂತು
ಬಾಗಿಲಾಯಿತು, ಹೊರಗಿನ ಸುಳಿಗಳೆಲ್ಲ ಅಲ್ಲಿಂದಲೇ ನುಗ್ಗಿದವು.
ಎಲ್ಲ ಐಬೂ ಗೂಟವಲ್ಲ.
ಅದನ್ನೂ ಬರೆದುಕೊಂಡೆ.

ತಾತನಿಗೆ ಮಾರಲಾಗದ ಎತ್ತೊಂದಿತ್ತು, ಬೆನ್ನ ಮೇಲೆ ಸುಳಿ.
ಹದಿನಾಲ್ಕು ವರ್ಷ ನಮ್ಮ ಕೊಟ್ಟಿಗೆಯಲ್ಲೇ.
ಬೈಯುತ್ತಲೇ ಅದಕ್ಕೆ ಹುರುಳಿ ಬೇಯಿಸುತ್ತಿದ್ದ.
ಅದು ಸತ್ತ ವಾರ ಮಂಗಳವಾರದ ಸಂತೆಗೆ ಹೋಗಲಿಲ್ಲ.
ಯಾಕೆಂದು ನಾನು ಕೇಳಲಿಲ್ಲ.

ಸಂಜೆ ಕ್ಯಾನು ಬರಿದು.
ಚೂರು ಬೆಚ್ಚಗಾಯಿತು. ಸುಳಿಗಳಿಲ್ಲ.
ತೂತು ಇದೆ.
ಡಬ್ಬಿಯ ಚೀಟಿ ಕಿತ್ತೆ.
ಹೊಸದರಲ್ಲಿ ಏನು ಬರೆಯಲಿ ಎಂದರೆ
‘ತಾರೀಖು ಬರಿ’ ಎಂದಳು ನಫೀಸಾ,
ದೀಪ ಆರಿಸುತ್ತ.