ಬಹುದು

ತಿಂಗಳ ಮೂರನೇ ಶನಿವಾರ, ಮೂರು ಗಂಟೆ.
ಬಳ್ಳಾರಿ ಪಾಲಿಕೆಯ ಹಿಂಬದಿ ಮಹಡಿ,
ಮೊದಲು ಜನನ-ಮರಣದ ಕೋಣೆ.
ಒಂಬತ್ತು ಕುರ್ಚಿ, ಎಂಟಕ್ಕೆ ಮಾತ್ರ ಕೈ.
ಹವಾಮಾನ ಸಲಹಾ ಸಮಿತಿಯ ನಡಾವಳಿ ಬರೆಯುವವಳು ನಾನು,
ಅಕ್ಷರ ಚೆಂದ ಎಂಬ ಒಂದೇ ತಪ್ಪಿಗೆ.

ಮೊದಲ ದಿನವೇ ಸಾಹೇಬರು ಕರೆದು ಹೇಳಿದ್ದರು:
ನೋಡಮ್ಮ, ಇವರ ವಾಕ್ಯಕ್ಕೆ ತಕ್ಕದ್ದು ಹಾಕಬೇಡ.
ಬಳಿಯತಕ್ಕದ್ದು, ನೆಡತಕ್ಕದ್ದು, ಅದೆಲ್ಲ ಸರ್ಕಾರದ ಬಾಯಿ.
ಇವರದು ಬಹುದು.
ಬಳಿಯಬಹುದು. ನೆಡಬಹುದು.
ಅಷ್ಟೇ.

ಪಂಪಾಪತಿ ಮಾಸ್ತರು ಭೂಗೋಳ ಕಲಿಸಿ ನಿವೃತ್ತರು,
ಥರ್ಮಾಮೀಟರು ತರುವುದು ಕನ್ನಡಕದ ಡಬ್ಬಿಯಲ್ಲಿ.
ಬಸ್ ನಿಲ್ದಾಣದ ಕಬ್ಬಿಣದ ಬೆಂಚು,
ಮಧ್ಯಾಹ್ನ ಎರಡೂವರೆ: ಐವತ್ತೆಂಟು.
ಹತ್ತು ಹೆಜ್ಜೆ ಆಚೆ, ಬೇವಿನ ಬುಡದಲ್ಲಿ
ಚಪ್ಪಲಿ ಹೊಲಿಯುವವನು ಕೂರುವ ಕಲ್ಲು: ಮೂವತ್ತೊಂಬತ್ತು.
"ಬರ್ಕೋ ತಾಯಿ, ನಡುವಿನ ಈ ಹತ್ತೊಂಬತ್ತೇ ನಮ್ಮ ಬಜೆಟ್ಟು."

ಹೊನ್ನೂರ್ ವಲಿಯದು ಜೀನ್ಸ್ ತೊಳೆಯುವ ಘಟಕ,
ಉಗುರು ಹಬ್ಬದ ದಿನವೂ ನೀಲಿ.
ಊರಾಚೆಯ ಹಳ್ಳದ ಬಣ್ಣದ ವಿಷಯ ಬಂದರೆ
ಸೆಕೆ ಎಂದು ಎದ್ದು ಕಿಟಕಿ ತೆಗೆಯುತ್ತಾನೆ.
ನಾಲ್ಕು ಸಭೆ, ನಾಲ್ಕು ಸಲ ಬರೆದೆ: ಮುಂದಿನ ಸಭೆಗೆ.
ಐದನೆಯದರಲ್ಲಿ ಕಿಟಕಿಯ ಹತ್ತಿರವೇ ನಿಂತು ಅಂದ,
"ನೀರು ಶೋಧಿಸೋ ಯಂತ್ರ ಒಬ್ಬನ ಕೈಲಿ ಆಗಲ್ರೀ.
ಹನ್ನೆರಡು ಮಂದಿ ಕೂಡಿದ್ರೆ..."
ಮುಗಿಸಲಿಲ್ಲ.
ನಾನು ಮುಗಿಸಿದೆ: ಹಾಕಬಹುದು.

ಶರೀಫಾಬಿ ಕೌಲ್ ಬಜಾರಿನ ತಗಡಿನ ಸಾಲಿನವಳು,
ಪ್ಯಾಂಟಿನ ಜೇಬು ಹೊಲಿಯುತ್ತಾಳೆ, ಜೇಬಿಗಿಷ್ಟು ಎಂದು.
ಮಾತಾಡಿದ್ದು ಒಂದೇ ಸಲ.
"ಮೂರು ಗಂಟೆಗೆ ಸೂಜಿ ಮುಟ್ಟಿದ್ರೆ ಬೆರಳಿಗೆ ಬೊಕ್ಕೆ.
ನನ್ನ ತಗಡಿಗೆ ಸುಣ್ಣ ಹೊಡೀರಿ. ಕೆಟ್ರೆ ನಂದೇ ಕೆಡಲಿ."

ಸಮಿತಿಗೆ ಚಹಾ ಬಿಟ್ಟರೆ ಬೇರೆ ಖಾತೆ ಇಲ್ಲ.
ಐದು ತಿಂಗಳು ಚಹಾ ನಿಂತಿತು.
ಎರಡು ಚೀಲ ಸುಣ್ಣ, ಅಂಟು, ತೆಂಗಿನ ನಾರಿನ ಬ್ರಷ್ಷು.
ಏಣಿ ಮಾತ್ರ ಬೀದಿದೀಪ ವಿಭಾಗದ್ದು, ರಸೀದಿ ಇಲ್ಲ.

ತಗಡಿನ ಕೆಳಗೆ ಐದು ಡಿಗ್ರಿ ಇಳಿಯಿತು.
ಮೂರು ವಾರಕ್ಕೆ ಅದಿರಿನ ಲಾರಿಗಳ ಕೆಂಧೂಳು ಕೂತು
ಬಿಳಿ ಸೂರು ಗುಲಾಬಿಯಾಗಿ, ಎರಡು ಮತ್ತೆ ಏರಿತು.
ಅದನ್ನೂ ಬರೆದೆ. ತಿಂಗಳಿಗೊಮ್ಮೆ ತೊಳೆಯಬಹುದು.
ನಲ್ಲಿಗೆ ಎಂಟು ದಿನಕ್ಕೊಮ್ಮೆ ನೀರು ಬರೋ ಓಣ್ಯಾಗ,
ಅಂತ ಯಾರೋ ನಕ್ಕರು.
ನಗುವನ್ನು ನಡಾವಳಿಗೆ ಸೇರಿಸುವ ಪದ್ಧತಿ ಇಲ್ಲ.

ಕೌನ್ಸಿಲ್ಲಿನಿಂದ ಉತ್ತರ ಬಂತು, ಒಂದೂಕಾಲು ವರ್ಷಕ್ಕೆ:
ನಲವತ್ತು ನಿಲ್ದಾಣಗಳಲ್ಲಿ ಆರಕ್ಕೆ ನೆರಳು ಮಾಡತಕ್ಕದ್ದು.
ಆರು.
ಮಾಸ್ತರು ಬೆರಳೆಣಿಸಿ, ಒಂದು ಕೈ ದಾಟ್ತಲ್ಲ ಅಂದರು.

ಮೊನ್ನೆ ತಡೆಯಲಾರದೆ ಕೇಳಿಬಿಟ್ಟೆ:
ಮಾಸ್ತರ, ಈ ಬಹುದು ಬರೆದೂ ಬರೆದೂ ಕೈ ಸೋತಿದೆ,
ಇದರಲ್ಲಿ ಜೋರೇ ಇಲ್ಲವಲ್ಲ?
ಅವರು ಡಬ್ಬಿಯ ಮುಚ್ಚಳ ಟಪ್ಪೆನಿಸಿದರು.
"ಹಳೆಗನ್ನಡದಾಗ ಬಹುದು ಅಂದ್ರೆ ಬರ್ತೈತೆ ಅಂತ.
ಮಳೆ ಬಹುದು. ನೆರೆ ಬಹುದು.
ಜೋರಿಲ್ಲ ಖರೆ. ಕಾಲೈತೆ ಅದಕ್ಕೆ."

ಗುಡ್ಡದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು
ಊರಿನ ಮೇಲೆ ವಾಪಸು ಉಗುಳುವ ಹೊತ್ತು,
ಶರೀಫಾಬಿಯ ಓಣಿ ಹಾದು ಮನೆಗೆ ಹೊರಟೆ.
ಪಕ್ಕದ ಮನೆಯ ಸೂರಿನ ಮೇಲೆ ಯಾರೋ ಹೆಂಗಸು,
ಸೆರಗು ಸೊಂಟಕ್ಕೆ, ಕೈಯಲ್ಲಿ ನಮ್ಮದೇ ಬ್ರಷ್ಷು.
ಅರ್ಧ ತಗಡು ಬಿಳಿ, ಅರ್ಧ ತುಕ್ಕು.
ಸುಣ್ಣ ತೀರಿತು ಅಂದಳು, ನನ್ನನ್ನೇ ಬೈಯುವಂತೆ.

ಬೀದಿದೀಪದವರ ಕಾಗದ ಮೇಜಿನ ಮೇಲಿದೆ,
ಸದರಿ ಏಣಿಯನ್ನು ಕೂಡಲೇ ಹಿಂದಿರುಗಿಸತಕ್ಕದ್ದು.
ಸೋಮವಾರ ಉತ್ತರ ಕೊಡಬೇಕು.
ಕರಡು ಬರೆದಾಯಿತು, ಹಳೆಗನ್ನಡದಲ್ಲಿ:
ಏಣಿ ಬಹುದು.