ಪಕ್ಕದಲ್ಲಿ ನಿಂತವಳು

ಗವರ್ನರರ ಎಡಕ್ಕೆ, ಆರಡಿ ದೂರದಲ್ಲಿ,
ಕಪ್ಪು ಅಂಗಿ ತೊಟ್ಟು ನಿಂತಿದ್ದವಳು ನಾನು.
ಬಿಳಿ ಕೈ ಎದ್ದು ಕಾಣಲಿ ಎಂದು ಕಪ್ಪು ಅಂಗಿ.
ಕಸುಬಿನ ನಿಯಮ ಅಷ್ಟೇ, ಬೇರೆ ಅರ್ಥವಿಲ್ಲ
ಅಂದುಕೊಂಡಿದ್ದೆ ಇಪ್ಪತ್ತು ವರ್ಷ.

ಇಪ್ಪತ್ತೆರಡು ನಿಮಿಷ ಅವರು ವರ್ಣಭೇದದ ಬಗ್ಗೆ ಮಾತಾಡಿದರು,
ಅಷ್ಟೂ ಹೊತ್ತು ನನ್ನ ಕೈ ಕೂಡ.
ನಡುವೆ ಒಮ್ಮೆ ಗಂಟಲು ಕಟ್ಟಿ ಸುಮ್ಮನಾದರು.
ಕಟ್ಟಿದ ಗಂಟಲಿಗೆ ಯಾವ ಸನ್ನೆ?
ಎರಡೂ ಕೈ ಹೊಟ್ಟೆಯ ಮೇಲಿಟ್ಟು
ನಾನೂ ಸುಮ್ಮನೆ ನಿಂತೆ,
ಮದುವೆಯೂಟ ಮುಗಿಸಿದವಳ ಹಾಗೆ.

ಮಾರನೆಯ ದಿನದಿಂದ ಊರಿಗೆ ಊರೇ ನನ್ನ ಬೆನ್ನು ಹತ್ತಿತು.
"ಅಷ್ಟು ಹತ್ತಿರ ಇದ್ದೆಯಲ್ಲ,
ನಿಜವಾಗಲೂ ಕಣ್ಣು ಒದ್ದೆಯಾಗಿತ್ತಾ?"
ಸೇಬು ತೂಗುತ್ತ ಕೇಳಿದಳು ಗ್ಲೆಂಡಾ.
"ನವೆಂಬರಿಗೆ ಓಟು. ಒದ್ದೆಯಾಗದೆ ಇರುತ್ತಾ?"
ಟೈರಿನ ನಟ್ಟು ಬಿಗಿಯುತ್ತ ಹೇಳಿದ ವೇಡ್.
ನಮ್ಮಮ್ಮ ಮಾತ್ರ ಮೂರು ದಿನ ಬಿಟ್ಟು, ಬಟಾಣಿ ಸುಲಿಯುವಾಗ:
"ಆರಿದ ಗಾಯ ಕೆರೆಯೋದು ಯಾಕೆ?
ನಮ್ಮಜ್ಜನಿಗೆ ಸ್ವಂತದ್ದೊಂದು ಹೇಸರಗತ್ತೆ ಇರಲಿಲ್ಲ,
ಇನ್ನು ಆಳು ಎಲ್ಲಿಂದ ಬರಬೇಕು?"
ಆರಿದೆ ಅಂತ ನಿನಗೆ ಹೇಳಿದವರು ಯಾರಮ್ಮ
ಅನ್ನುವುದು ನಾಲಿಗೆಯ ತುದಿಗೆ ಬಂತು.
ಬಟಾಣಿ ಸುಲಿದೆ.

ಆಸ್ಪತ್ರೆಯ ಲಿಫ್ಟಿನಲ್ಲಿ ನರ್ಸ್ ವರ್ನೀಸ್ ಏನೂ ಕೇಳಲಿಲ್ಲ.
ಮೂರನೇ ಮಹಡಿ ದಾಟಿದ ಮೇಲೆ, ಬಾಗಿಲಿನ ಕಡೆ ನೋಡುತ್ತ:
"ನನ್ನ ಮಗ ಪೂರ್ತಿ ಕೇಳಿದ. ಚಪ್ಪಾಳೆ ಸಹ ತಟ್ಟಿದ.
ಆಮೇಲೆ ಹಾಲು ತರೋಕೆ ಹೊರಟ,
ಎಂದಿನ ಹಾಗೆ
ಎರಡೂ ಕೈ ಜೇಬಿನಿಂದ ಹೊರಗಿಟ್ಟುಕೊಂಡು."

ನನಗೋ ಭಾಷಣವೇ ನೆನಪಿಲ್ಲ.
ಕಿವಿಯಲ್ಲಿ ಬಂದದ್ದು ಕೈಯಲ್ಲಿ ಹರಿದುಹೋಗುತ್ತದೆ.
ನೀರಿನ ರುಚಿ ಕೇಳಿದರೆ
ನಲ್ಲಿ ಏನು ಹೇಳೀತು?

ಶನಿವಾರ, ಔಷಧಿ ಅಂಗಡಿಯ ಸಾಲಿನಲ್ಲಿ,
ನನ್ನ ಭುಜ ತಟ್ಟಿದವರು ಲೆಮ್ಯುಯೆಲ್ ಪೆಟಿಫರ್ಡ್.
ವಯಸ್ಸು ಎಪ್ಪತ್ತೈದು ದಾಟಿದೆ,
ಹುಟ್ಟಿನಿಂದಲೇ ಕಿವಿ ಕೇಳದು.
ಅವರು ಭಾಷಣ ನೋಡಿದ್ದರು.
ಅಂದರೆ ನನ್ನನ್ನು ನೋಡಿದ್ದರು;
ಅವರ ಪಾಲಿಗೆ ಗವರ್ನರ್ ನಾನೇ.

"ಚೆನ್ನಾಗಿತ್ತು," ಎಂದಿತು ಕೈ.
"ಆದರೆ ಪೂರಾ ಬಿಳಿ ಶಾಲೆಯ ಮಾತು."

ಅರ್ಥವಾಗಲಿಲ್ಲ.
ಬಿಲ್ಲಿನ ಚೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು
ಕೈ ಎರಡನ್ನೂ ಬಿಡಿಸಿಕೊಂಡರು.
ಗುಡ್ಡದ ಮೇಲೆ ಇಟ್ಟಿಗೆಯ ಕಟ್ಟಡ, ಅದು ಬಿಳಿ ಕಿವುಡರಿಗೆ.
ಹಳಿಯಾಚೆ, ಮಳೆಗೆ ಸೋರುತ್ತಿದ್ದದ್ದು ತಮಗೆ.
ಕೇಳಿಸದ ಮಕ್ಕಳಿಗೂ ಬಣ್ಣ ಕಾಣುತ್ತದಲ್ಲ,
ಅದಕ್ಕೇ ಬೇರೆ ಇಟ್ಟರು.
ಬೇರೆ ಇಟ್ಟಲ್ಲಿ ಮಾತೂ ಬೇರೆಯಾಗಿ ಬೆಳೆಯಿತು:
ಅಗಲವಾಗಿ, ಎರಡು ಕೈ ತುಂಬ, ಹಣೆಯೆತ್ತರಕ್ಕೆ.
ಮುಂದೆ ಕಾನೂನು ಬಂದು ಎರಡೂ ಶಾಲೆ ಒಂದಾದ ದಿನ
ಅಲ್ಲಿಯ ಹುಡುಗರು ಇವರ ಕೈ ನೋಡಿ ನಕ್ಕರಂತೆ.
"ನಾಚಿಕೊಂಡು ನಾವು
ಒಂದು ಕೈ ಇಳಿಸಿಬಿಟ್ಟೆವು."

ಇಪ್ಪತ್ತು ವರ್ಷದ ಕಸುಬು, ಗೋಡೆಗೆ ಮೂರು ಪ್ರಮಾಣಪತ್ರ,
ಇದನ್ನು ಯಾರೂ ನನಗೆ ಹೇಳಿರಲಿಲ್ಲ.
ನಾನೂ ಕೇಳಿರಲಿಲ್ಲ, ಕಿವಿ ನೆಟ್ಟಗಿದ್ದೂ.

ಈಗೇನಾದರೂ ಬದಲಾದೀತೆ, ಈ ಭಾಷಣದಿಂದ?
ಊರೆಲ್ಲ ನನ್ನನ್ನು ಕೇಳಿದ್ದನ್ನು
ನಾನು ಅವರನ್ನು ಕೇಳಿದೆ.

"ಗೊತ್ತಿಲ್ಲ," ಅಂದರು.
ನಾವು ಕೆನ್ನೆಯ ಹತ್ತಿರವೇ ಮುಗಿಸಿಬಿಡುವ ಸನ್ನೆ ಅದು.
ಅವರದು ಹಣೆಯವರೆಗೂ ಹೋಗಿ,
ಅಲ್ಲಿಂದ ಹೊರಳಿ ಕೆಳಗಿಳಿಯಿತು.

ನಾನೂ ಮಾಡಿ ನೋಡಿದೆ.
ತಲೆಯಾಡಿಸಿದರು, ಅಷ್ಟಲ್ಲ.
ಮಣಿಕಟ್ಟು ಹಿಡಿದು ಮೇಲಕ್ಕೆತ್ತಿದರು,
ಇನ್ನೂ ಮೇಲೆ,
ಅಂಗಡಿಯ ಹುಡುಗ ಪೆಟಿಫರ್ಡ್, ಪೆಟಿಫರ್ಡ್
ಎಂದು ಮೂರನೇ ಸಲ ಕೂಗುತ್ತಿರುವಾಗ.